‘ಬೆಟ್ಟದ ಕಳ್ಳ’ನ ತವರು ಕೊಯಮತ್ತೂರು: ಉಳಿಯಲಿ ರೀಲಿನ ನೆನಪು

ಕೊಯಮತ್ತೂರು: ಈ ಊರೆಂದರೆ ಹತ್ತಿ ಗಿರಣಿ, ನೀರೆತ್ತುವ ಪಂಪು. ಪಕ್ಕದ ತಿರುಪ್ಪೂರೆಂದರೆ ಬನಿಯನ್ನು. ಒಂದು ಕಾಲಕ್ಕೆ ಮದರಾಸಿನ ಹಾಗೇ ಇಲ್ಲೂ ಸಿನಿಮಾ ತಯಾರಾಗ್ತಿತ್ತು ಅಂದ್ರೆ ಈಗಿನ ಹುಡುಗರು ನಂಬೋದು ಕಷ್ಟ.

ಇದಕ್ಕೆ ನಾಂದಿ ಹಾಡಿದವರು ಸಾಮಿಕ್ಕಣ್ಣು ವಿನ್ಸೆಂಟ್. ತಿರುಚಿಯಲ್ಲಿ ರೈಲ್ವೆ ನೌಕರರಾಗಿದ್ದ ಅವರು 1905ರಲ್ಲಿ ಡುಪಾಂಟ್ ಎಂಬ ಫ್ರೆಂಚ್ ಪ್ರದರ್ಶಕನಿಂದ ಪ್ರೊಜೆಕ್ಟರ್, ರೀಲು ಕೊಂಡು, ಊರೂರಲ್ಲಿ ಡೇರೆ ಹಾಕಿ ಚಿತ್ರ ತೋರಿಸಿದರು. 1914ರಲ್ಲಿ ಇಲ್ಲಿ ವೆರೈಟಿ ಹಾಲ್ ಕಟ್ಟಿಸಿದರು. ದಕ್ಷಿಣ ಭಾರತದ ಮೊದಮೊದಲ ಕಾಯಂ ಚಿತ್ರಮಂದಿರಗಳಲ್ಲಿ ಅದೂ ಒಂದು. ಮುಂದೆ ಅದು ‘ಡಿಲೈಟ್’ ಆಯಿತು. ರಸ್ತೆಗೆ ಮಾತ್ರ ವೆರೈಟಿ ಹಾಲ್ ಹೆಸರೇ ಉಳಿಯಿತು.

1930ರ ದಶಕದಲ್ಲಿ ಸೆಂಟ್ರಲ್ ಸ್ಟುಡಿಯೊ ತಲೆ ಎತ್ತಿತು. ಎಂ.ಜಿ.ಆರ್. ಮೊದಲ ಬಾರಿಗೆ ನಾಯಕನಾದ ‘ರಾಜಕುಮಾರಿ’ (1947) ತಯಾರಾದದ್ದು ಅಲ್ಲೇ. ಎಸ್.ಎಂ. ಶ್ರೀರಾಮುಲು ನಾಯ್ಡು 1945ರಲ್ಲಿ ಪಕ್ಷಿರಾಜ ಸ್ಟುಡಿಯೊ ಆರಂಭಿಸಿದರು.

ಕನ್ನಡದ ನಂಟು

ಪಕ್ಷಿರಾಜದ ‘ಮಲೈಕ್ಕಳ್ಳನ್’ 1954ರಲ್ಲಿ ತಮಿಳಿನಲ್ಲಿ ಗೆದ್ದಿತು. ಅದೇ ಕಥೆ ಹಿಂದಿಯಲ್ಲಿ ದಿಲೀಪ್ ಕುಮಾರ್ ಅಭಿನಯದ ‘ಆಜಾದ್’ (1955) ಆಯಿತು. 1957ರಲ್ಲಿ ಕಲ್ಯಾಣ್ ಕುಮಾರ್ ಅಭಿನಯದ ‘ಬೆಟ್ಟದ ಕಳ್ಳ’ನಾಗಿ ಕನ್ನಡಕ್ಕೂ ಬಂತು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುವ ಇಲ್ಲಿನ ದೇವಾಂಗ ನೇಕಾರ ಕುಟುಂಬಗಳ ಹಾಗೆ ಆ ಕಳ್ಳನಿಗೂ ಒಂದಕ್ಕಿಂತ ಹೆಚ್ಚು ನುಡಿ!

ಕಾಪಾಡದಿದ್ದರೆ ಉಳಿಯದು

ಹಳೆಯ ನೈಟ್ರೇಟ್ ಫಿಲ್ಮಿಗೆ ಬೆಂಕಿ ಬೇಗ ಹತ್ತುತ್ತದೆ. ಆಮೇಲೆ ಬಂದ ಅಸಿಟೇಟ್ ಫಿಲ್ಮು ಸೆಖೆ, ತೇವಕ್ಕೆ ಸಿಕ್ಕರೆ ಹುಳಿವಾಸನೆ ಹೊಡೆದು ಸುರುಟಿಕೊಳ್ಳುತ್ತದೆ. ಬೆಳ್ಳಿ ತೆಗೆಯಲೆಂದು ಕರಗಿಸಿದ ರೀಲುಗಳೂ ಉಂಟು. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾದದ್ದು 1964ರಲ್ಲಿ. ಅಷ್ಟರಲ್ಲಿ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ಕ್ಕೆ (1934) ಮೂವತ್ತು ವರ್ಷ ಕಳೆದಿತ್ತು. ಅದರ ಪ್ರತಿ ಇಂದು ನೋಡಲು ಸಿಗುವುದಿಲ್ಲ.

ಸಂಗ್ರಹಾಲಯಕ್ಕೆ ಬೇಕಿರುವುದು ರೀಲು ಮಾತ್ರ ಅಲ್ಲ. ಹಾಡಿನ ಪುಸ್ತಕ, ಕರಪತ್ರ, ಪೋಸ್ಟರ್, ಸ್ಟುಡಿಯೊ ಫೋಟೊ, ಸಂಬಳದ ಚೀಟಿ ಎಲ್ಲವೂ ಚರಿತ್ರೆಯೇ. ಅಂಥದ್ದು ನಿಮ್ಮ ಅಟ್ಟದ ಮೇಲಿದ್ದರೆ ಗುಜರಿಗೆ ಹಾಕಬೇಡಿ. ಫೋಟೊದ ಹಿಂದೆ ಯಾರು, ಯಾವೂರು, ಯಾವ ಇಸವಿ ಎಂದು ಪೆನ್ಸಿಲಿನಲ್ಲಿ ಬರೆದಿಡಿ. ಗುರುತು ಹೇಳುವ ಹಿರಿಯರು ಇರುವಾಗಲೇ ಈ ಕೆಲಸ ಆಗಬೇಕು.