ಮಗನ ಹೇಳಿಕೆಗೆ ಅಪ್ಪನ ಸಹಿ

ತರಗತಿಯಲ್ಲಿ ಕಿವಿಗೆ ಬಿದ್ದ ಒಂದು ಮಾತು ವಿದ್ಯಾರ್ಥಿಯನ್ನು ಎಲ್ಲಿಯವರೆಗೆ ಕೊಂಡೊಯ್ಯಬಹುದು? ಅಮೆರಿಕದ ತರುಣ ಜೊನಾಥನ್ ಮೆರಿಟ್‌ನ ಕತೆ ಕೇಳಿ.

ಆತ ಸೆಮಿನರಿಯಲ್ಲಿ ದೈವಶಾಸ್ತ್ರ ಓದುತ್ತಿದ್ದ. ದೇವರು ಕಾಣಿಸಿಕೊಳ್ಳುವುದು ಧರ್ಮಗ್ರಂಥದಲ್ಲಿ ಮಾತ್ರವಲ್ಲ, ಸೃಷ್ಟಿಯಲ್ಲೂ ಹೌದು. ಸೃಷ್ಟಿಯನ್ನು ಹಾಳುಗೆಡವುವುದೆಂದರೆ ಬೈಬಲ್ಲಿನ ಪುಟ ಹರಿದಂತೆ ಎಂದು ಪ್ರಾಧ್ಯಾಪಕರೊಬ್ಬರು ಪಾಠದ ನಡುವೆ ಹೇಳಿದರು. ಆ ಮಾತು ಅವನ ಮನಸ್ಸಿನಲ್ಲಿ ನಾಟಿತು.

ತೊಡಕು ಇದ್ದದ್ದು ಮನೆಯೊಳಗೇ. ಆತ ಸೇರಿದ್ದ ಸದರ್ನ್ ಬ್ಯಾಪ್ಟಿಸ್ಟ್ ಪಂಗಡ ಅಮೆರಿಕದ ಪ್ರೊಟೆಸ್ಟೆಂಟರಲ್ಲೇ ದೊಡ್ಡದು. ಭೂಮಿ ಬಿಸಿಯಾಗಲು ಮನುಷ್ಯನೇ ಕಾರಣವೆಂಬ ಮಾತಿಗೆ 2007ರಲ್ಲಿ ಅದು ನಿರ್ಣಯ ಮಾಡಿಯೇ ಸಂಶಯ ತೋರಿತ್ತು. ತಂದೆ ಜೇಮ್ಸ್ ಮೆರಿಟ್ ಅದೇ ಪಂಗಡದ ಅಧ್ಯಕ್ಷರಾಗಿದ್ದವರು!

2008ರ ಮಾರ್ಚ್‌ನಲ್ಲಿ, ಇಪ್ಪತ್ತೈದರ ವಯಸ್ಸಿನಲ್ಲಿ, ಜೊನಾಥನ್ ಒಂದು ಹೇಳಿಕೆ ಹೊರತಂದ. ಪರಿಸರದ ವಿಷಯದಲ್ಲಿ ನಮ್ಮವರು ಅಳುಕಿದ್ದು ಸಾಕು ಎಂಬುದು ಅದರ ತಿರುಳು. ಅಂದಿನ ಅಧ್ಯಕ್ಷ ಫ್ರ್ಯಾಂಕ್ ಪೇಜ್ ಸಹಿ ಹಾಕಿದರು. ಅಪ್ಪನೂ ಹಾಕಿದರು. ಎಲ್ಲರೂ ಒಪ್ಪಲಿಲ್ಲ, ಅದು ಪಂಗಡದ ಅಧಿಕೃತ ನಿಲುವೂ ಆಗಲಿಲ್ಲ. ಆದರೆ ಹಿರಿಯರು ಕಿರಿಯರು ಕೂತು ಮಾತನಾಡಲು ದಾರಿಯಾಯಿತು.

ಈ ವಾದ ಹಳೆಯದು. ಪ್ರಕೃತಿಗೆ ಮನುಷ್ಯನೇ ಒಡೆಯ ಎಂಬ ಪಾಶ್ಚಾತ್ಯ ಕ್ರೈಸ್ತ ಧೋರಣೆಯಲ್ಲೇ ಪರಿಸರದ ಬಿಕ್ಕಟ್ಟಿನ ಬೇರು ಇದೆ ಎಂದು 1967ರಲ್ಲಿ ಇತಿಹಾಸಕಾರ ಲಿನ್ ವೈಟ್ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದಿದ್ದರು. ಅದಕ್ಕೆ ಉತ್ತರವೂ ಬೈಬಲ್ಲಿನಲ್ಲೇ ಇದೆ ಎನ್ನುತ್ತಾರೆ ಪರಿಸರದ ಕಾಳಜಿಯುಳ್ಳ ಕ್ರೈಸ್ತ ಯುವಜನರು. ಆದಿಕಾಂಡದ ಮೊದಲ ಅಧ್ಯಾಯ ಮನುಷ್ಯನಿಗೆ ಜೀವಿಗಳ ಮೇಲೆ ದೊರೆತನ ಕೊಡುತ್ತದೆ, ನಿಜ. ಎರಡನೆಯ ಅಧ್ಯಾಯವೋ, ತೋಟವನ್ನು ಕೃಷಿ ಮಾಡಿ ಕಾಯುವ ಕೆಲಸವನ್ನು ಅವನಿಗೆ ಒಪ್ಪಿಸುತ್ತದೆ. ಕಾಯುವವನು ತೋಟವನ್ನು ಸುಡುವುದುಂಟೆ?

2012ರಲ್ಲಿ ಅಮೆರಿಕದ ಇವಾಂಜೆಲಿಕಲ್ ಯುವಜನರು ಹವಾಮಾನ ರಕ್ಷಣೆಗೆಂದೇ ಸಂಘಟನೆ ಕಟ್ಟಿದರು. 2015ರಲ್ಲಿ ಪೋಪ್ ಫ್ರಾನ್ಸಿಸ್ ತಮ್ಮ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಭೂಮಿಯ ಕೂಗನ್ನೂ ಬಡವರ ಕೂಗನ್ನೂ ಒಟ್ಟಿಗೇ ಕೇಳಬೇಕೆಂದರು.

ಜೊನಾಥನ್ ತನ್ನ ನಂಬಿಕೆಯನ್ನು ಬಿಟ್ಟು ಹೊರಗೆ ನಿಂತು ಹಿರಿಯರನ್ನು ಟೀಕಿಸಲಿಲ್ಲ. ಅವರು ಓದುವ ಗ್ರಂಥವನ್ನೇ ಮುಂದಿಟ್ಟು ಮಾತನಾಡಿದ. ಮಕ್ಕಳು ಕಾಲೇಜಿನಿಂದ ಹೊಸ ವಿಚಾರ ಹೊತ್ತು ಬಂದಾಗ ‘ನಿನಗೇನು ಗೊತ್ತು’ ಎಂದು ಬಾಯಿ ಮುಚ್ಚಿಸುವ ಮುನ್ನ ಹೆತ್ತವರು ಆ ಅಪ್ಪನ ಸಹಿಯನ್ನು ಒಮ್ಮೆ ನೆನೆಯಬಹುದು.