ಹೊಸ ಅಕ್ವೇರಿಯಂನಲ್ಲಿ ನೈಟ್ರೈಟ್ ಏರಿಕೆ: ತಪ್ಪು ಕಲ್ಪನೆಗಳು ಮತ್ತು ಸತ್ಯ

ಮೀನಿನ ಕಿವಿರುಗಳಿಂದ ಹೊರಬೀಳುವ ಮತ್ತು ತಿನ್ನದೆ ಉಳಿದ ಆಹಾರ ಕೊಳೆತಾಗ ಹುಟ್ಟುವ ಅಮೋನಿಯಾವನ್ನು ಒಂದು ಗುಂಪಿನ ಸೂಕ್ಷ್ಮಜೀವಿಗಳು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ಇನ್ನೊಂದು ಗುಂಪು ಆ ನೈಟ್ರೈಟನ್ನು ಅದಕ್ಕಿಂತ ಬಹಳ ಕಡಿಮೆ ಅಪಾಯದ ನೈಟ್ರೇಟ್ ಆಗಿ ಮಾರ್ಪಡಿಸುತ್ತದೆ. ಈ ಎರಡೂ ಗುಂಪುಗಳು ಹೊಸ ತೊಟ್ಟಿಯಲ್ಲಿ ನೆಲೆಯೂರಲು ಬೇಕಾಗುವ, ಸಾಮಾನ್ಯವಾಗಿ 4ರಿಂದ 6 ವಾರಗಳ ಅವಧಿಗೆ ಸಾಕಣೆಗಾರರು ‘ಸೈಕ್ಲಿಂಗ್’ ಎನ್ನುತ್ತಾರೆ. ಎರಡನೆಯ ಗುಂಪಿಗೆ ನೈಟ್ರೈಟೇ ಆಹಾರವಾದ್ದರಿಂದ ಮೊದಲನೆಯದು ಕೆಲಸಕ್ಕಿಳಿದ ನಂತರವೇ ಅದು ಹೆಚ್ಚತೊಡಗುತ್ತದೆ. ಈ ನಡುವಿನ ದಿನಗಳಲ್ಲಿ ನೈಟ್ರೈಟ್ ತೊಟ್ಟಿಯಲ್ಲಿ ಶೇಖರವಾಗುತ್ತದೆ. ಅರ್ಧ ಮುಗಿದ ಕೆಲಸದ ಈ ಗುರುತನ್ನು ತೊಳೆದು ತೆಗೆಯಬೇಕಾದ ಕೊಳೆಯೆಂದೋ ಔಷಧಿ ಬೇಡುವ ರೋಗವೆಂದೋ ಬಗೆದಾಗ ಮುಂದಿನ ತಪ್ಪುಗಳು ಒಂದೊಂದಾಗಿ ಹುಟ್ಟುತ್ತವೆ.

ತಪ್ಪು ಕಲ್ಪನೆ 1: ನೀರು ತಿಳಿಯಾಗಿದ್ದು, ಅಮೋನಿಯಾ ಸೊನ್ನೆಗೆ ಇಳಿದಿದ್ದರೆ ಮೀನು ಬಿಡಬಹುದು.

ಸತ್ಯ: ನೈಟ್ರೈಟಿಗೆ ನೀರಿನಲ್ಲಿ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಆದ್ದರಿಂದ ನೀರಿನ ತಿಳಿತನವು ಅದರ ಬಗ್ಗೆ ಏನನ್ನೂ ಹೇಳುವುದಿಲ್ಲ. ಅಮೋನಿಯಾ ಸೊನ್ನೆಗೆ ಬಂದ ದಿನಗಳಲ್ಲೇ ನೈಟ್ರೈಟ್ ತನ್ನ ಗರಿಷ್ಠ ಮಟ್ಟದಲ್ಲಿರುವುದು ಸಾಮಾನ್ಯ. 1 ಮಿಲಿಗ್ರಾಂ ಅಮೋನಿಯಾದಿಂದ ಸುಮಾರು 2.7 ಮಿಲಿಗ್ರಾಂ ನೈಟ್ರೈಟ್ ಉಂಟಾಗುವುದರಿಂದ, ಅಮೋನಿಯಾದ ಅಂಕಿ ಚಿಕ್ಕದಾಗಿದ್ದ ತೊಟ್ಟಿಯಲ್ಲೂ ನೈಟ್ರೈಟಿನ ಅಂಕಿ ಗಾಬರಿ ಹುಟ್ಟಿಸುವಷ್ಟು ಏರಬಲ್ಲದು. ಹಲವು ಟೆಸ್ಟ್ ಕಿಟ್‌ಗಳ ಬಣ್ಣದ ಪಟ್ಟಿ ಲೀಟರಿಗೆ 5 ಮಿಲಿಗ್ರಾಂಗೆ ಮುಗಿಯುತ್ತದೆ. ಬಣ್ಣವು ಆ ಕೊನೆಯ ಮನೆಯಲ್ಲೇ ದಿನಗಟ್ಟಲೆ ನಿಂತಿದ್ದರೆ, ಒಂದು ಪಾಲು ತೊಟ್ಟಿಯ ನೀರಿಗೆ ನಾಲ್ಕು ಪಾಲು ಶುದ್ಧ ನೀರನ್ನು ಬೆರೆಸಿ ಅಳೆದು, ಬಂದ ಅಂಕಿಯನ್ನು ಐದರಿಂದ ಗುಣಿಸಿದಾಗ ನಿಜವಾದ ಮಟ್ಟ ಗೊತ್ತಾಗುತ್ತದೆ.

ತಪ್ಪು ಕಲ್ಪನೆ 2: ನೀರು ಬದಲಿಸಿದರೆ ಬ್ಯಾಕ್ಟೀರಿಯಾ ಹೊರಟುಹೋಗಿ ಸೈಕ್ಲಿಂಗ್ ಮೊದಲಿನಿಂದ ಆರಂಭವಾಗುತ್ತದೆ.

ಸತ್ಯ: ಈ ಸೂಕ್ಷ್ಮಜೀವಿಗಳಲ್ಲಿ ಬಹುಪಾಲು ನೀರಿನಲ್ಲಿ ತೇಲಾಡುವುದಿಲ್ಲ, ಫಿಲ್ಟರಿನ ಸ್ಪಾಂಜ್, ತಳದ ಜಲ್ಲಿ, ಕಲ್ಲುಗಳ ಮೈ ಮುಂತಾದ ಕಡೆಗಳಲ್ಲಿ ಜೈವಿಕ ಪೊರೆ ಎನ್ನಲಾಗುವ ಲೋಳೆಯ ತೆಳುಪದರವಾಗಿ ಅಂಟಿಕೊಂಡಿರುತ್ತವೆ. ಹೀಗಾಗಿ ಅರ್ಧ ನೀರನ್ನು ಬದಲಿಸಿದರೆ ನೈಟ್ರೈಟ್ ಅರ್ಧಕ್ಕೆ ಇಳಿಯುತ್ತದೆಯೇ ಹೊರತು ಪೊರೆಗೆ ಧಕ್ಕೆಯಾಗುವುದಿಲ್ಲ. ಇದರಿಂದ ಇನ್ನೊಂದು ಲಾಭವೂ ಇದೆ: ಅಮೋನಿಯಾದಲ್ಲಿನ 1 ಮಿಲಿಗ್ರಾಂ ಸಾರಜನಕ ನೈಟ್ರೇಟ್ ಆಗುವಷ್ಟರಲ್ಲಿ, ನೀರಿನ ಆಮ್ಲನಿರೋಧಕ ಶಕ್ತಿಯಾದ ಕ್ಷಾರೀಯತೆಯು, ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ, ಸುಮಾರು 7 ಮಿಲಿಗ್ರಾಂನಷ್ಟು ಖರ್ಚಾಗುತ್ತದೆ, ಮೆದು ನೀರಿನ ತೊಟ್ಟಿಯಲ್ಲಿ ಅದು ಬರಿದಾಗಿ ಪಿಎಚ್ 6ರ ಆಸುಪಾಸಿಗೆ ಕುಸಿದರೆ ಸೂಕ್ಷ್ಮಜೀವಿಗಳ ಕೆಲಸ ಬಹಳ ಮಂದವಾಗುತ್ತದೆ, ಹೊಸ ನೀರು ಆ ಕೊರತೆಯನ್ನು ತುಂಬುತ್ತದೆ. ನಿಜವಾದ ಹಾನಿ ಬೇರೆ ಕಡೆಯಿದೆ. ಕ್ಲೋರಿನ್ ಇರುವ ನಲ್ಲಿಯ ಕೆಳಗೆ ಸ್ಪಾಂಜನ್ನು ಹಿಡಿದು ಬೆಳ್ಳಗಾಗುವವರೆಗೆ ಹಿಂಡಿ ತೊಳೆದಾಗ ವಾರಗಳ ಬೆಳವಣಿಗೆ ಚರಂಡಿ ಪಾಲಾಗುತ್ತದೆ. ಸ್ಪಾಂಜನ್ನು ತೊಟ್ಟಿಯಿಂದಲೇ ತೆಗೆದ ಒಂದು ಬಕೆಟ್ ನೀರಿನಲ್ಲಿ ಹಗುರಾಗಿ ಅದ್ದಿ ತೆಗೆಯಬೇಕು. ಹೊಸದಾಗಿ ಸುರಿಯುವ ನಲ್ಲಿ ನೀರಿಗೆ, ಅಂಗಡಿಗಳಲ್ಲಿ ‘ಆಂಟಿ ಕ್ಲೋರಿನ್’ ಎಂದು ಸಿಗುವ ದ್ರಾವಣವನ್ನು ಮೊದಲೇ ಬೆರೆಸಬೇಕು.

ತಪ್ಪು ಕಲ್ಪನೆ 3: ಮೀನು ಮೇಲೆ ಬಂದು ಬಾಯಿ ಆಡಿಸುತ್ತಿದ್ದರೆ ಗಾಳಿಯ ಕೊರತೆಯಷ್ಟೇ, ಏರ್ ಪಂಪ್ ಹಾಕಿದರೆ ಸಾಕು.

ಸತ್ಯ: ಸಿಹಿನೀರಿನ ಮೀನುಗಳು ತಮಗೆ ಬೇಕಾದ ಕ್ಲೋರೈಡನ್ನು ಕಿವಿರುಗಳ ಮೂಲಕ ಸದಾ ಒಳಗೆಳೆದುಕೊಳ್ಳುತ್ತವೆ, ನೈಟ್ರೈಟ್ ಅದೇ ದಾರಿಯಲ್ಲಿ ನುಸುಳಿ ರಕ್ತವನ್ನು ಸೇರುತ್ತದೆ. ಅಲ್ಲಿ ಅದು ಆಮ್ಲಜನಕವನ್ನು ಹೊತ್ತೊಯ್ಯುವ ಹಿಮೋಗ್ಲೋಬಿನ್ ಅನ್ನು, ಆ ಶಕ್ತಿಯಿಲ್ಲದ ಮೆಥೆಮೋಗ್ಲೋಬಿನ್ ಆಗಿ ಬದಲಿಸುತ್ತದೆ. ಇದು ಹೆಚ್ಚಿದಾಗ ರಕ್ತವು ಕಂದುಬಣ್ಣಕ್ಕೆ ತಿರುಗುವುದರಿಂದ ಮೀನು ಕೃಷಿಯಲ್ಲಿ ಈ ಸ್ಥಿತಿಯನ್ನು ‘ಕಂದು ರಕ್ತ ರೋಗ’ ಎಂದು ಕರೆಯುತ್ತಾರೆ. ನೀರಿನಲ್ಲಿ ಆಮ್ಲಜನಕ ತುಂಬಿದ್ದರೂ ಹೊರುವವರಿಲ್ಲದೆ ಮೀನು ಉಸಿರುಗಟ್ಟುತ್ತದೆ. ಏರ್ ಪಂಪ್ ಖಂಡಿತ ನೆರವಾಗುತ್ತದೆ, ಸೂಕ್ಷ್ಮಜೀವಿಗಳಿಗೂ ಆಮ್ಲಜನಕ ಬೇಕು. ಆದರೆ ರಕ್ತದೊಳಗಿನ ತೊಡಕನ್ನು ಗುಳ್ಳೆಗಳು ಬಿಡಿಸಲಾರವು.

ತಪ್ಪು ಕಲ್ಪನೆ 4: ಒಂದು ಹಿಡಿ ಉಪ್ಪು ಹಾಕಿದರೆ ನೈಟ್ರೈಟ್ ನಾಶವಾಗುತ್ತದೆ.

ಸತ್ಯ: ಉಪ್ಪು ನೈಟ್ರೈಟನ್ನು ಕಿಂಚಿತ್ತೂ ಕಡಿಮೆ ಮಾಡುವುದಿಲ್ಲ, ಕಿಟ್ ಮೊದಲಿನ ಅಂಕಿಯನ್ನೇ ತೋರಿಸುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡ್ ಕಿವಿರಿನ ಬಾಗಿಲಲ್ಲಿ ನೈಟ್ರೈಟಿನೊಂದಿಗೆ ಪೈಪೋಟಿ ನಡೆಸಿ, ಅದು ಒಳಹೋಗದಂತೆ ತಡೆಯುತ್ತದೆ. ಅಮೆರಿಕದ ಕ್ಯಾಟ್‌ಫಿಶ್ ಕೊಳಗಳಲ್ಲಿ ನೈಟ್ರೈಟಿನ ಹತ್ತು ಪಟ್ಟು ಕ್ಲೋರೈಡ್ ಇರುವಂತೆ ನೋಡಿಕೊಳ್ಳುವ ರೂಢಿಯಿದೆ. ಅದೇ ಲೆಕ್ಕವನ್ನು ಮನೆಯ ತೊಟ್ಟಿಗೆ ಅನ್ವಯಿಸಿದರೆ, ಲೀಟರಿಗೆ 2 ಮಿಲಿಗ್ರಾಂ ನೈಟ್ರೈಟ್ ಇರುವ 100 ಲೀಟರ್ ನೀರಿಗೆ 2 ಗ್ರಾಂ ಕ್ಲೋರೈಡ್ ಬೇಕು. ಅಡುಗೆ ಉಪ್ಪಿನ ತೂಕದಲ್ಲಿ ಶೇಕಡ 60ರಷ್ಟು ಕ್ಲೋರೈಡ್ ಇರುವುದರಿಂದ 3.3 ಗ್ರಾಂ, ಅಂದರೆ ಟೀ ಚಮಚದ ಅರ್ಧಕ್ಕಿಂತ ತುಸು ಹೆಚ್ಚು ಉಪ್ಪು ಸಾಕಾಗುತ್ತದೆ. ಹಿಡಿಗಟ್ಟಲೆ ಸುರಿದ ಉಪ್ಪು ಕೆಲವು ಗಿಡಗಳಿಗೆ ಹಾನಿ ಮಾಡಬಹುದು. ಉಪ್ಪು ಆವಿಯಾಗಿ ಹೋಗದೆ, ಬದಲಿಸಿದ ನೀರಿನೊಂದಿಗೆ ಮಾತ್ರ ಹೊರಹೋಗುವುದರಿಂದ, ಎಷ್ಟು ನೀರು ಬದಲಾಯಿತೋ ಅಷ್ಟಕ್ಕೆ ಮಾತ್ರ ಮತ್ತೆ ಸೇರಿಸಬೇಕು. ಕಡಲ ಮೀನುಗಳಿಗೆ ನೈಟ್ರೈಟ್ ಅಷ್ಟಾಗಿ ತಟ್ಟದಿರುವುದಕ್ಕೂ ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 19 ಗ್ರಾಂ ಕ್ಲೋರೈಡ್ ಇರುವುದೇ ಮುಖ್ಯ ಕಾರಣ.

ತಪ್ಪು ಕಲ್ಪನೆ 5: ನೈಟ್ರೇಟ್ ಕಾಣಿಸಿಕೊಂಡರೆ ಸೈಕ್ಲಿಂಗ್ ಮುಗಿದಂತೆ.

ಸತ್ಯ: ಸಾಮಾನ್ಯ ಕಿಟ್‌ಗಳು ನೈಟ್ರೇಟನ್ನು ಮೊದಲು ನೈಟ್ರೈಟ್ ಆಗಿ ಬದಲಿಸಿ, ಬಳಿಕ ಆ ನೈಟ್ರೈಟಿನ ಬಣ್ಣವನ್ನು ಅಳೆಯುತ್ತವೆ, ಆದ್ದರಿಂದ ತೊಟ್ಟಿಯಲ್ಲಿ ನೈಟ್ರೈಟ್ ಮೊದಲೇ ತುಂಬಿದ್ದರೆ ನೈಟ್ರೇಟಿನ ಅಂಕಿಯೂ ಸುಳ್ಳಾಗಿ ಏರುತ್ತದೆ. ಮೇಲಾಗಿ ನೈಟ್ರೇಟ್ ನೀರಿನ ಮೂಲದಿಂದಲೇ ಬಂದಿರಬಹುದು. ಭಾರತದ ಕುಡಿಯುವ ನೀರಿನ ಮಾನದಂಡವು ಲೀಟರಿಗೆ 45 ಮಿಲಿಗ್ರಾಂವರೆಗೆ ನೈಟ್ರೇಟನ್ನು ಒಪ್ಪುತ್ತದೆ, ಕರ್ನಾಟಕದ ಹಲವೆಡೆ ಬೋರ್‌ವೆಲ್ ನೀರು ಆ ಮಿತಿಯನ್ನೂ ಮೀರಿರುವುದುಂಟು. ಅಂತಹ ನೀರು ತುಂಬಿದ ತೊಟ್ಟಿ ಮೊದಲ ದಿನವೇ ನೈಟ್ರೇಟ್ ತೋರಿಸುತ್ತದೆ.

ತಪ್ಪು ಕಲ್ಪನೆ 6: ‘ನೈಟ್ರೊಬ್ಯಾಕ್ಟರ್’ ಎಂದು ಬರೆದ ಯಾವ ಬಾಟಲಿಯನ್ನು ಸುರಿದರೂ ನೈಟ್ರೈಟ್ ಮರುದಿನ ಇಳಿಯುತ್ತದೆ.

ಸತ್ಯ: ದೀರ್ಘಕಾಲ ಪುಸ್ತಕಗಳು ನೈಟ್ರೈಟ್ ತಿನ್ನುವ ಕೆಲಸವನ್ನು ನೈಟ್ರೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾಕ್ಕೆ ಒಪ್ಪಿಸಿದ್ದವು. ತಿಮೊಥಿ ಹೊವಾನೆಕ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಸಂಶೋಧನೆಯು, ಸಿಹಿನೀರಿನ ಅಕ್ವೇರಿಯಂಗಳಲ್ಲಿ ಆ ಕೆಲಸ ಮಾಡುವುದು ಮುಖ್ಯವಾಗಿ ನೈಟ್ರೊಸ್ಪೈರಾ ಎಂಬ ಬೇರೆಯೇ ಕುಲವೆಂದು ತೋರಿಸಿತು. 2015ರಲ್ಲಿ, ಅಮೋನಿಯಾದಿಂದ ನೈಟ್ರೇಟ್‌ವರೆಗಿನ ಇಡೀ ಕೆಲಸವನ್ನು ಒಂಟಿಯಾಗಿ ಮುಗಿಸಬಲ್ಲ ನೈಟ್ರೊಸ್ಪೈರಾಗಳೂ ಪತ್ತೆಯಾದವು. ಬಾಟಲಿಯಲ್ಲಿ ಸರಿಯಾದ ಕುಲದ ಜೀವಿಗಳಿದ್ದು, ಅವು ಬಿಸಿಲು ಸೆಕೆಗೆ ಸಾಯದೆ ಉಳಿದಿದ್ದರೆ ಮಾತ್ರ ಪ್ರಯೋಜನ. ಅದಕ್ಕಿಂತ ನಂಬಿಕೆಗೆ ಅರ್ಹವಾದುದು, ರೋಗವಿಲ್ಲದ ಹಳೆಯ ತೊಟ್ಟಿಯೊಂದರ ಕಂದುಗಟ್ಟಿದ ಸ್ಪಾಂಜಿನ ತುಂಡನ್ನು ಒಣಗಲು ಬಿಡದೆ ತಂದು ಹೊಸ ಫಿಲ್ಟರಿನೊಳಗೆ ಇಡುವ ಕ್ರಮ. ಹಾಲಿಗೆ ಹೆಪ್ಪು ಹಾಕುವ ಯಾವ ಮನೆಗೂ ಈ ತರ್ಕ ಹೊಸದಲ್ಲ.

ಮೀನುಗಳಿರುವ ತೊಟ್ಟಿಯಲ್ಲಿ ನೈಟ್ರೈಟ್ ಏರಿದಾಗ ಆಹಾರವನ್ನು ಕಡಿತಗೊಳಿಸಿ, ದಿನವೂ ಅಳೆದು, ಅಗತ್ಯವಿದ್ದಷ್ಟು ನೀರು ಬದಲಿಸಿ, ಲೆಕ್ಕದ ಉಪ್ಪಿನಿಂದ ಮೀನುಗಳನ್ನು ಕಾಪಾಡುತ್ತ ಕಾಯಬೇಕು. ಮೀನುಗಳಿಲ್ಲದ ತೊಟ್ಟಿಯಲ್ಲಿ ಅವಸರಕ್ಕೆ ಕಾರಣವೇ ಇಲ್ಲ. ಅಂಕಿ ಮಿತಿಮೀರಿದ್ದರೆ, ಸೂಕ್ಷ್ಮಜೀವಿಗಳಿಗೆ ಆಹಾರವಾಗಿ ಅಮೋನಿಯಾ ಹಾಕುವುದನ್ನು ನಿಲ್ಲಿಸಿ ನೀರು ಬದಲಿಸಿದರಾಯಿತು. ಲೀಟರಿಗೆ 2 ಮಿಲಿಗ್ರಾಂನಷ್ಟು ಹಾಕಿದ ಅಮೋನಿಯಾವು 24 ಗಂಟೆಗಳಲ್ಲಿ ಇಲ್ಲವಾಗಿ, ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ದಿನ ಎರಡನೆಯ ಗುಂಪೂ ನೆಲೆಯೂರಿತೆಂದು ತಿಳಿಯಬಹುದು. ಆಗ ಒಮ್ಮೆ ಹೆಚ್ಚಿನ ನೀರನ್ನು ಬದಲಿಸಿ, ಸೇರಿಕೊಂಡ ನೈಟ್ರೇಟನ್ನು ಹೊರಹಾಕಿ, ಮೀನುಗಳನ್ನು ಕೆಲವೇ ಸಂಖ್ಯೆಯಲ್ಲಿ ಬಿಡುತ್ತ ಹೋಗಬೇಕು. ಏಕೆಂದರೆ ಸ್ಪಾಂಜಿನ ಮೇಲಿನ ಆ ಪೊರೆ ತನಗೆ ದಿನವೂ ಸಿಗುವ ಆಹಾರದಷ್ಟೇ ಬೆಳೆದಿರುತ್ತದೆ.