ಪ್ರಭುದೇವರ ಮದ್ದಳೆ, ಮಾಯಾದೇವಿಯ ನಾಟ್ಯ

ಶ್ರಾವಣ ಮಾಸ ಬಂದಿತೆಂದರೆ ಹುಬ್ಬಳ್ಳಿ-ಧಾರವಾಡದ ಮಠಗಳಲ್ಲಿಯೂ ಓಣಿಯ ಗುಡಿಗಳಲ್ಲಿಯೂ ಪುರಾಣ ಹಚ್ಚುವುದು ಹಿರಿಯರಿಂದ ನಡೆದುಬಂದ ರೂಢಿ. ಸಂಜೆಯ ಹೊತ್ತಿಗೆ ಪುರಾಣಿಕರು ಪದ್ಯವನ್ನೋದಿ ಅರ್ಥ ಹೇಳುತ್ತಾರೆ. ಗವಾಯಿಗಳು ಹಾರ್ಮೋನಿಯಂ ನುಡಿಸುತ್ತ ಅದನ್ನು ರಾಗದಲ್ಲಿ ಎತ್ತಿಕೊಳ್ಳುತ್ತಾರೆ. ಚಾಮರಸನ ‘ಪ್ರಭುಲಿಂಗಲೀಲೆ’ ಹಚ್ಚಿದ ವರ್ಷ ಮಾಯಾದೇವಿಯ ಪ್ರಸಂಗ ಬರುವ ದಿನ ಕೂಡ್ರಲು ಸ್ಥಳ ಸಿಗುವುದಿಲ್ಲ. ಅಂಥದೊಂದು ಸಂಜೆ ಮಂಗಲವಾಗಿ ಜನ ಏಳುತ್ತಿದ್ದಾಗ, ಶಾಲೆಗೆ ಹೋಗುವ ಹುಡುಗಿಯೊಬ್ಬಳು ತನ್ನ ಅಜ್ಜಿಯನ್ನು ಕೇಳಿದ ಮಾತು ನಮ್ಮ ಕಿವಿಗೂ ಬಿದ್ದಿತು: “ಆಯಿ, ಮಾಯೆ ಅಂದ್ರ ಹೆಣ್ಮಕ್ಕಳೇನು?”

“ಸುಮ್ನಿರವ್ವಾ, ದೇವರ ಕಥಿ ಅದು” ಎಂದರು ಅಜ್ಜಿ. ಪ್ರಶ್ನೆ ಅಲ್ಲಿಗೇ ನಿಂತಿತು. ಆದರೆ ಅದು ಸುಮ್ಮನಿರಿಸಿ ಬಿಡುವಂಥ ಪ್ರಶ್ನೆಯಲ್ಲವೆಂದು ನಮಗೆ ತೋರಿತು. ಆದ್ದರಿಂದಲೇ ಈ ಬರಹ.

ಮೊದಲು ಕಥೆಯನ್ನೇ ನೆನೆಯೋಣ. ಕೈಲಾಸದಲ್ಲಿ ಶಿವ-ಪಾರ್ವತಿಯರ ನಡುವೆ ಮಾತು ಬೆಳೆಯುತ್ತದೆ. ತನ್ನ ಮಾಯೆಯನ್ನು ಗೆದ್ದವರಾರೂ ಇಲ್ಲವೆಂಬ ಹೆಮ್ಮೆ ದೇವಿಯದು. ಅಲ್ಲಮನೊಬ್ಬನು ಅದಕ್ಕೆ ಮೀರಿದವನೆಂಬುದು ಶಿವನ ಮಾತು. ಪರೀಕ್ಷೆಯಾಗಲೆಂದು ದೇವಿ ತನ್ನ ತಾಮಸ ಕಳೆಯನ್ನು ಭೂಲೋಕಕ್ಕೆ ಕಳುಹಿಸುತ್ತಾಳೆ. ಆ ಕಳೆಯು ಬನವಾಸಿಯ ಅರಸ ಮಮಕಾರನಿಗೂ ಅವನ ರಾಣಿ ಮೋಹಿನಿಗೂ ಮಗಳಾಗಿ ಹುಟ್ಟುತ್ತದೆ. ಅತ್ತ ಪ್ರಭುವಾದರೋ ನಿರಹಂಕಾರ-ಸುಜ್ಞಾನಿಯರೆಂಬ ದಂಪತಿಗಳ ತಪಸ್ಸಿಗೆ ಒಲಿದು ಬಂದವನು. ಹೆಸರುಗಳನ್ನು ಗಮನಿಸಬೇಕು. ಕವಿಯು ಬೀಗದ ಕೈಯನ್ನು ಬಾಗಿಲಿನಲ್ಲಿಯೇ ತೂಗುಹಾಕಿದ್ದಾನೆ. ಮಮಕಾರಕ್ಕೂ ಮೋಹಕ್ಕೂ ಹುಟ್ಟುವುದು ಮಾಯೆ. ಅಹಂಕಾರವಿಲ್ಲದ ತಿಳಿವಿಗೆ ದೊರೆಯುವವನು ಪ್ರಭು.

ಬನವಾಸಿಯ ಮಧುಕೇಶ್ವರನ ಗುಡಿಯಲ್ಲಿ ಮದ್ದಳೆಗಾರನೊಬ್ಬನು ನುಡಿಸುವುದನ್ನು ಕೇಳಿ ರಾಜಪುತ್ರಿ ಮರುಳಾಗುತ್ತಾಳೆ. ಅವನ ಮದ್ದಳೆಗೆ ಅವಳು ಕುಣಿಯುತ್ತಾಳೆ, ವಿರಹದಲ್ಲಿ ಬೇಯುತ್ತಾಳೆ, ಸಖಿಯರ ಮುಂದೆ ಹಂಬಲಿಸುತ್ತಾಳೆ. ಕೊನೆಗೆ ಹಿಡಿಯಹೋದರೆ ಅವನು ಕೈಗೆ ಸಿಕ್ಕುವುದಿಲ್ಲ. ಕಣ್ಣಿಗೆ ಕಾಣುವವನು ತೋಳಿಗೆ ಬಯಲು. ಪ್ರೇಮಕಥೆಯ ರಸವನ್ನೆಲ್ಲ ಸುರಿದು, ಕಟ್ಟಕಡೆಗೆ ಪ್ರೇಮಿಯನ್ನೇ ಮಾಯಮಾಡಿಬಿಡುವ ಈ ಜಾಣ್ಮೆ ಕನ್ನಡದಲ್ಲಿ ಚಾಮರಸನೊಬ್ಬನದೇ ಎಂದು ನಾವು ಬಗೆದಿದ್ದೇವೆ.

ಚಾಮರಸನು ಪ್ರೌಢದೇವರಾಯನ ಕಾಲದವನು. ಆ ಅರಸನು ವಿಜಯನಗರವನ್ನು 1424ರಿಂದ 1446ರವರೆಗೆ ಆಳಿದನು. ಭಾಮಿನಿ ಷಟ್ಪದಿಯ 1111 ಪದ್ಯಗಳು, 25 ಗತಿಗಳು, ಇದು ಕಾವ್ಯದ ವಿಸ್ತಾರ. ಅದನ್ನು ಕೇವಲ 11 ದಿನಗಳಲ್ಲಿ ಮುಗಿಸಿದನೆಂಬ ಐತಿಹ್ಯವೂ, ನಮ್ಮ ಹುಬ್ಬಳ್ಳಿ ತಾಲೂಕಿನ ಕೋಳಿವಾಡದ ಕುಮಾರವ್ಯಾಸನಿಗೂ ಇವನಿಗೂ ನೆಂಟಸ್ತನವಿತ್ತೆಂಬ ಇನ್ನೊಂದು ಐತಿಹ್ಯವೂ ಇವೆ. ನೆಂಟಸ್ತನದ ಮಾತು ಹೇಗೇ ಇರಲಿ, ಷಟ್ಪದಿಯಂತೂ ಇಬ್ಬರದೂ ಒಂದೇ.

ಇಲ್ಲಿ ಒಂದು ಸಂಗತಿಯನ್ನು ಮರೆಯಬಾರದು. ಪ್ರಭುದೇವರು ಬಸವಣ್ಣನವರ ಸಮಕಾಲೀನರು, 12ನೆಯ ಶತಮಾನದವರು. ಕಾವ್ಯ ಹುಟ್ಟಿದ್ದು ಸುಮಾರು 250 ವರ್ಷಗಳ ಅನಂತರ. ಅಷ್ಟರಲ್ಲಿ ಶರಣರ ಬದುಕು ನೆನಪಾಗಿ, ನೆನಪು ಕಥೆಯಾಗಿ, ಕಥೆ ಪವಾಡವಾಗಿ ಬೆಳೆದಿತ್ತು. ಅದನ್ನು ಸುಳ್ಳೆಂದು ತಳ್ಳುವವರೂ ಇದ್ದಾರೆ, ಅಕ್ಷರಶಃ ನಡೆದುದೇ ಎಂದು ವಾದಿಸುವವರೂ ಇದ್ದಾರೆ. ಇಬ್ಬರೂ ಕಾವ್ಯವನ್ನು ಓದುವುದಿಲ್ಲವೆಂಬುದು ನಮ್ಮ ದೂರು.

ಗೋರಕ್ಷನ ಪ್ರಸಂಗವನ್ನೇ ನೋಡಿರಿ. ಯೋಗಸಿದ್ಧಿಯಿಂದ ದೇಹವನ್ನು ವಜ್ರದಂತೆ ಗಟ್ಟಿಮಾಡಿಕೊಂಡಿದ್ದ ಗೋರಕ್ಷನು ತನ್ನನ್ನು ಕತ್ತಿಯಿಂದ ಹೊಡೆದು ನೋಡೆಂದು ಪ್ರಭುವಿಗೆ ಸವಾಲು ಹಾಕುತ್ತಾನೆ. ಹೊಡೆದರೆ ಖಣಿಲೆಂದು ಸದ್ದಾಗುತ್ತದೆ, ಕೂದಲೂ ಕೊಂಕುವುದಿಲ್ಲ. ಆಗ ಪ್ರಭು ಅದೇ ಕತ್ತಿಯನ್ನು ಅವನ ಕೈಗಿತ್ತು ತನ್ನನ್ನು ಹೊಡೆಯೆನ್ನುತ್ತಾನೆ. ಕತ್ತಿ ಗಾಳಿಯಲ್ಲಿ ಬೀಸಿದಂತೆ ಒಳಹೊಕ್ಕು ಹೊರಬರುತ್ತದೆ. ಸದ್ದೂ ಇಲ್ಲ, ಗಾಯವೂ ಇಲ್ಲ. ಮಾಯಾವಿದ್ಯೆಯ ಕಥೆಯೆಂದೇ ಕೇಳಿದರೂ ಮಕ್ಕಳಿಗೆ ಮೈ ಜುಮ್ಮೆನ್ನುತ್ತದೆ. ಆದರೆ ಸದ್ದು ಬಂದುದೇ ಗೋರಕ್ಷನ ಸೋಲೆಂಬುದು ಎರಡನೆಯ ಸಲ ಕೇಳಿದಾಗ ಹೊಳೆಯುತ್ತದೆ. ‘ನಾನು’ ಎಂಬುದು ಉಳಿದಿರುವಲ್ಲಿ ತಾಗುತ್ತದೆ, ಇಲ್ಲದಲ್ಲಿ ತಾಗುವುದಿಲ್ಲ. ಇಂದಿನ ಮಕ್ಕಳು ಹ್ಯಾರಿ ಪಾಟರನ ದಪ್ಪ ದಪ್ಪ ಸಂಪುಟಗಳನ್ನು ಊಟ ಮರೆತು ಓದುತ್ತಾರೆ. ಓದಲಿ, ನಮ್ಮ ಅಡ್ಡಿಯೇನಿಲ್ಲ. ಈ ಕತ್ತಿಯ ಕಥೆಯನ್ನೂ ಅವರಿಗೆ ಯಾರಾದರೂ ಹೇಳಬೇಕಲ್ಲವೇ?

ಚಾಮರಸನಿಗಿಂತ ಬಹಳ ಹಿಂದೆಯೇ ಹರಿಹರ ಕವಿಯು ‘ಪ್ರಭುದೇವರ ರಗಳೆ’ಯಲ್ಲಿ ಬೇರೊಂದು ಕಥೆಯನ್ನು ಹೇಳಿದ್ದನು. ಅಲ್ಲಿ ಮಾಯಾದೇವಿಯಿಲ್ಲ, ಕಮಲತೆ ಇದ್ದಾಳೆ. ಕೈಲಾಸದ ಶಾಪದ ಹಿನ್ನೆಲೆ ಅಲ್ಲಿಯೂ ಉಂಟು. ಆದರೆ ಭೂಮಿಗೆ ಬಂದ ಮೇಲೆ ಬಳ್ಳಿಗಾವೆಯ ಅಲ್ಲಮನು ನಮ್ಮ ನಿಮ್ಮಂತೆ ಮನುಷ್ಯನು. ಮದ್ದಳೆ ನುಡಿಸುತ್ತಾನೆ, ಕಮಲತೆಗೆ ಮನಸೋಲುತ್ತಾನೆ, ಅವಳೂ ಸೋಲುತ್ತಾಳೆ. ಇಬ್ಬರೂ ಸುಖವಾಗಿರುವಾಗಲೇ ಜ್ವರ ಬಂದು ಕಮಲತೆ ತೀರಿಕೊಳ್ಳುತ್ತಾಳೆ. ಅಲ್ಲಮನು ಹುಚ್ಚನಂತೆ ಅವಳ ಹೆಸರು ಹಿಡಿದು ಅಲೆಯುತ್ತಾನೆ. ಹಾಗೆ ಅಲೆಯುತ್ತ ಒಂದು ತೋಟದಲ್ಲಿ ಕುಳಿತು ಕಾಲುಗುರಿನಿಂದ ನೆಲ ಕೆರೆಯುತ್ತಿರುವಾಗ ಚಿನ್ನದ ಕಳಸವೊಂದು ಕಾಣಿಸುತ್ತದೆ. ಅಗೆಸಿದರೆ ನೆಲದೊಳಗೊಂದು ಗುಡಿ. ಗುಡಿಯೊಳಗೆ ಎವೆಯಿಕ್ಕದೆ ಕುಳಿತ ಅನಿಮಿಷಯ್ಯ. ಅವರ ಅಂಗೈಯಲ್ಲಿ ಲಿಂಗ. ಆ ಲಿಂಗ ಅಲ್ಲಮನ ಕೈಗೆ ಬರುತ್ತದೆ, ಅನಿಮಿಷಯ್ಯನವರ ಪ್ರಾಣ ಬಯಲಾಗುತ್ತದೆ.

ಹೆಂಡತಿಯನ್ನು ಕಳೆದುಕೊಂಡ ಒಬ್ಬನ ಕಾಲಿನ ಬೆರಳು ಸುಮ್ಮನೆ ನೆಲವನ್ನು ಕೆರೆಯುವುದು! ದುಃಖದ ಮನೆಯಲ್ಲಿ ಕುಳಿತವರನ್ನು ಕಂಡವರಿಗೆ ಈ ಚಿತ್ರ ಎಷ್ಟು ನಿಜವೆಂಬುದು ಗೊತ್ತು. ಈ ಕಥೆ ನಮ್ಮ ಪುರಾಣದ ಮಂಟಪಗಳಲ್ಲಿ ಕೇಳಿಬರುವುದು ಅಪರೂಪ. ಜಗದ್ಗುರುವಾದವನಿಗೆ ಪ್ರೇಮವೇ, ಶೋಕವೇ ಎಂಬ ಸಂಕೋಚವು ಭಕ್ತರಿಗೆ ಹಿಂದಿನಿಂದಲೂ ಇದ್ದಂತಿದೆ. ಚಾಮರಸನಿಗೂ ಅದೇ ಸಂಕೋಚವಿದ್ದಿರಬೇಕು. ಅವನು ಪ್ರೇಮವನ್ನೆಲ್ಲ ಮಾಯೆಯ ಪಾಲಿಗೆ ಬಿಟ್ಟು, ಪ್ರಭುವನ್ನು ನಿರ್ಲಿಪ್ತನನ್ನಾಗಿ ನಿಲ್ಲಿಸಿದನು. ಕಾವ್ಯಕ್ಕೆ ಅದರಿಂದ ಎತ್ತರ ಬಂದಿತು. ಆದರೆ ಕಮಲತೆ ಮರೆಯಾದಳು. ಅವಳ ಸ್ಥಳದಲ್ಲಿ ಬಂದ ಹೆಣ್ಣು ಮೋಸದ ರೂಪವಾದಳು. ಓಣಿಯ ಹುಡುಗಿ ಕೇಳಿದ್ದು ಇದನ್ನೇ ಅಲ್ಲವೇ?

ಅವಳಿಗೆ ಉತ್ತರ ಹುಡುಕಲು ಬಹಳ ದೂರ ಹೋಗಬೇಕಿಲ್ಲ. ಮಾಯೆಯಿರುವುದು ಹೆಣ್ಣಿನಲ್ಲಲ್ಲ, ಬಯಸುವ ಮನಸ್ಸಿನಲ್ಲಿ ಎಂಬ ಅರ್ಥದ ವಚನವನ್ನು ಪ್ರಭುದೇವರೇ ನುಡಿದಿದ್ದಾರೆ. ಪುರಾಣ ಹೇಳುವವರು ಮಾಯಾದೇವಿಯ ಪ್ರಸಂಗದ ದಿನ ಆ ವಚನವನ್ನು ಜೊತೆಗೆ ಹೇಳದೆ ಮಂಗಲ ಮಾಡಬಾರದೆಂಬುದು ನಮ್ಮ ವಿನಂತಿ. ಚಾಮರಸನೂ ಕಥೆಯನ್ನು ಅಲ್ಲಿಗೇ ಬಿಟ್ಟವನಲ್ಲ. ತಾಮಸ ಕಳೆ ಸೋತು ಹಿಂದಿರುಗಿದ ಮೇಲೆ ದೇವಿಯ ಸಾತ್ತ್ವಿಕ ಕಳೆ ಭೂಮಿಗೆ ಬರುತ್ತದೆ. ಉಡುತಡಿಯಲ್ಲಿ ಮಹಾದೇವಿಯಾಗಿ ಹುಟ್ಟುತ್ತದೆ. ಅರಮನೆಯನ್ನೂ ಅರಸನನ್ನೂ ತೊರೆದು ಕಲ್ಯಾಣಕ್ಕೆ ನಡೆದ ಅಕ್ಕನೂ ಅದೇ ದೇವಿಯ ಕಳೆ! ಮೊದಲ ಪ್ರಸಂಗವನ್ನಷ್ಟೇ ಕೇಳಿ ಎದ್ದುಹೋದವರಿಗೆ ಅರ್ಧ ಕಥೆ ಮಾತ್ರ ದಕ್ಕುತ್ತದೆ.

ಈ ಕಾವ್ಯದ ಸೊಗಸಿಗೆ ಸೋತು 17ನೆಯ ಶತಮಾನದಲ್ಲಿಯೇ ಶಿವಪ್ರಕಾಶ ಸ್ವಾಮಿಗಳು ಅದನ್ನು ತಮಿಳಿಗೆ ತಂದರು. ಹರಿಹರನ ರಗಳೆಗಳನ್ನು ಬೆಳಕಿಗೆ ತರಲು ದುಡಿದವರಲ್ಲಿ 1880ರಲ್ಲಿ ನಮ್ಮ ಧಾರವಾಡದಲ್ಲಿಯೇ ಹುಟ್ಟಿದ ಫ. ಗು. ಹಳಕಟ್ಟಿಯವರೂ ಒಬ್ಬರು. ಕಾದಂಬರಿ ಓದುವ ಮನೆಗಳವರಿಗೆ ಎಚ್. ತಿಪ್ಪೇರುದ್ರಸ್ವಾಮಿಯವರ ‘ಪರಿಪೂರ್ಣದೆಡೆಗೆ’ ಇದೆ. ಅಕ್ಕನನ್ನು ಕುರಿತು ಅವರದೇ ‘ಕದಳಿಯ ಕರ್ಪೂರ’ವಿದೆ. 2017ರಲ್ಲಿ ಟಿ. ಎಸ್. ನಾಗಾಭರಣರ ‘ಅಲ್ಲಮ’ ಚಲನಚಿತ್ರವೂ ತೆರೆಗೆ ಬಂದಿತು.

ಪುಸ್ತಕಕ್ಕಿಂತ ಸ್ಥಳವನ್ನೇ ಕಾಣಬೇಕೆನ್ನುವವರು ಮುಂಡಗೋಡ, ಶಿರಸಿ ಮಾರ್ಗವಾಗಿ ಬನವಾಸಿಗೆ ಹೋಗಬಹುದು. ಮಧುಕೇಶ್ವರನ ಗುಡಿಯ ಮಂಟಪದಲ್ಲಿ ಕನ್ನಡಿಯಂತೆ ನುಣುಪಾದ ಕಂಬಗಳಿವೆ. ಎದುರು ನಿಂತರೆ ನಮ್ಮ ರೂಪ ಅದರಲ್ಲಿ ಮೂಡುತ್ತದೆ, ಮುಟ್ಟಿದರೆ ಬರಿಯ ಕಲ್ಲು. ಮುಂದೆ ಬಳ್ಳಿಗಾವೆ, ಅಲ್ಲಿಂದ ಅಕ್ಕನ ಉಡುತಡಿಯೂ ಬಹಳ ದೂರವಿಲ್ಲ. ಹೆಣ್ಣುಮಕ್ಕಳನ್ನು ಅವಶ್ಯವಾಗಿ ಕರೆದುಕೊಂಡು ಹೋಗಿರಿ. ದಾರಿಯಲ್ಲಿ ಎರಡೂ ಕಥೆಗಳನ್ನು ಹೇಳಲು ಸಮಯವಿರುತ್ತದೆ; ಕಮಲತೆಯದನ್ನು ಮೊದಲು ಹೇಳಿರಿ.